ಹವ್ಯಾಸಿಗಳ ಸಂಭಾಷಣೆಯೂ ನೌಕಾಚರಿತ್ರೆಯೂ: ಪೋರ್ಟ್ಸ್‌ಮತ್ ಬಂದರಿನ ನಾಲ್ಕು ಹಡಗುಗಳು

ಚರಿತ್ರೆಯ ಆಧಾರಗಳನ್ನು ಎಣಿಸುವಾಗ ಶಾಸನ, ನಾಣ್ಯ, ಸರ್ಕಾರಿ ಕಡತ, ಪ್ರವಾಸಿಗಳ ಬರಹ, ಕಾವ್ಯ ಎಂದು ಹೇಳಿ ನಿಲ್ಲಿಸುವುದು ನಮ್ಮಲ್ಲಿ ವಾಡಿಕೆ. ಒಂದೇ ವಿಷಯದಲ್ಲಿ ಪ್ರೀತಿಯುಳ್ಳ ಹತ್ತು ಮಂದಿ ಬಿಡುವಿನ ವೇಳೆಯಲ್ಲಿ ಸೇರಿ ಆಡುವ ಮಾತನ್ನು ಆಧಾರಗಳ ಸಾಲಿನಲ್ಲಿ ಯಾರೂ ಸೇರಿಸುವುದಿಲ್ಲ. ಸೇರಿಸದಿರುವುದು ಬಹುಮಟ್ಟಿಗೆ ಯುಕ್ತವೂ ಹೌದು. ಏಕೆಂದರೆ ಇಂಥ ಮಾತಿನಲ್ಲಿ ಕಂಡದ್ದು, ಕೇಳಿದ್ದು, ಊಹಿಸಿದ್ದು ಮೂರೂ ಬೆರೆತುಹೋಗಿರುತ್ತವೆ. ಆದರೂ ಚರಿತ್ರೆಯ ಒಂದು ಶಾಖೆಯಾದರೂ ಇಂಥ ಮಾತುಕತೆಯಿಂದಲೇ ಬಹುಪಾಲು ಬೆಳೆಯಿತೆಂಬುದನ್ನು ಮರೆಯಲಾಗದು. ಹಡಗುಗಳ ರಚನೆ, ಹಾಯಿಗಳ ಹೂಟ, ನಾವಿಕರ ನುಡಿ ಮತ್ತು ನಡವಳಿಕೆಗಳನ್ನು ಕುರಿತು ಇಪ್ಪತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ನಡೆದ ವ್ಯಾಸಂಗವೇ ಆ ಶಾಖೆ. ಸ್ವಯಂಸೇವಕರ ಸಲಿಗೆಯ ಸಂಭಾಷಣೆಯು ಯಾವ ನಿಯಮಗಳಿಗೆ ಒಳಪಟ್ಟಾಗ ಚರಿತ್ರೆಯ ಆಧಾರವಾಯಿತು, ಅದು ಏನನ್ನು ಉಳಿಸಿತು, ಎಲ್ಲಿ ಸೋತಿತು ಎಂಬುದನ್ನು ಪೋರ್ಟ್ಸ್‌ಮತ್ ಬಂದರಿಗೆ ಸಂಬಂಧಪಟ್ಟ ನಾಲ್ಕು ಹಡಗುಗಳ ವೃತ್ತಾಂತದ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೧

ಬ್ರಿಟಿಷ್ ನೌಕಾಬಲದ ದಾಖಲೆಗಳನ್ನು ಕ್ರಮವಾಗಿ ಅಚ್ಚು ಹಾಕಿಸುವ ಉದ್ದೇಶದಿಂದ ೧೮೯೩ರಲ್ಲಿ ನೇವಿ ರೆಕಾರ್ಡ್ಸ್ ಸೊಸೈಟಿ ಸ್ಥಾಪಿತವಾಯಿತು. ಅದನ್ನು ಕಟ್ಟಿದವರಲ್ಲಿ ಸರ್ ಜಾನ್ ನಾಕ್ಸ್ ಲಾಟನ್ ಪ್ರಮುಖರು. ನೌಕಾಧಿಪತಿಗಳ ಪತ್ರಗಳು, ಆಜ್ಞೆಗಳು, ಯುದ್ಧದ ವರದಿಗಳು ಇದರಿಂದ ವಿದ್ವಾಂಸರ ಕೈಗೆ ದೊರೆತವು. ಆದರೆ ಕಡತಗಳು ಉತ್ತರಿಸದ ಪ್ರಶ್ನೆಗಳು ಬಹಳವಾಗಿದ್ದವು. ಇಂಥ ಶತಮಾನದ ಹಡಗಿನ ಕೂವೆಕಂಬವನ್ನು ಹಗ್ಗಗಳಿಂದ ಬಿಗಿಯುತ್ತಿದ್ದುದು ಹೇಗೆ? ಚುಕ್ಕಾಣಿಯನ್ನು ತಿರುಗಿಸಲು ಚಕ್ರ ಬರುವುದಕ್ಕೆ ಮೊದಲು ಇದ್ದ ಏರ್ಪಾಡು ಯಾವುದು? ಒಂದು ಹಾಯಿಗೆ ಒಂದು ಹೆಸರು ಏಕೆ ಬಂತು? ಇವನ್ನು ಅಂದಿನ ಬಡಗಿಯಾಗಲಿ ನಾವಿಕನಾಗಲಿ ಬರೆದಿಡಲಿಲ್ಲ. ಬರೆದಿಡಬೇಕೆಂದು ಅವರಿಗೆ ತೋರಲೂ ಇಲ್ಲ. ಎಲ್ಲರಿಗೂ ತಿಳಿದಿರುವುದನ್ನು ಯಾರೂ ಬರೆಯುವುದಿಲ್ಲ. ಆ ಎಲ್ಲರೂ ಕಾಲವಾದ ಮೇಲೆ ಅದು ಯಾರಿಗೂ ತಿಳಿಯದಾಗುತ್ತದೆ.

ಈ ಕೊರತೆಯನ್ನು ತುಂಬಲು ೧೯೧೦ರಲ್ಲಿ ಸೊಸೈಟಿ ಫಾರ್ ನಾಟಿಕಲ್ ರಿಸರ್ಚ್ ಎಂಬ ಸಂಘ ಹುಟ್ಟಿತು. ಆಗ ಉಗಿಹಡಗುಗಳು ಹಾಯಿಹಡಗುಗಳನ್ನು ಸಮುದ್ರದಿಂದ ಬಹುಮಟ್ಟಿಗೆ ಹೊರಡಿಸಿದ್ದ ಕಾಲ; ಹಾಯಿಯ ವಿದ್ಯೆಯನ್ನು ಕೈಯಾರೆ ಬಲ್ಲವರು ಮುದುಕರಾಗಿದ್ದರು. ಸಂಘಕ್ಕೆ ಸೇರಿದವರಲ್ಲಿ ಚಿತ್ರಕಾರರಿದ್ದರು, ನೌಕಾಧಿಕಾರಿಗಳಿದ್ದರು, ಹಡಗಿನ ಮಾದರಿಗಳನ್ನು ಮಾಡುವುದರಲ್ಲಿ ಆಸಕ್ತರಾದವರಿದ್ದರು. ಅವರಲ್ಲಿ ಚರಿತ್ರೆಯನ್ನು ಜೀವನವೃತ್ತಿಯಾಗಿ ಉಳ್ಳವರು ವಿರಳ. ೧೯೧೧ರ ಜನವರಿಯಲ್ಲಿ ಸಂಘದ ಪತ್ರಿಕೆ ‘ಮರಿನರ್ಸ್ ಮಿರರ್’ ಹೊರಬಂತು. ಅದರ ಮೊದಲ ಸಂಪಾದಕರು ಮೇಲೆ ಹೇಳಿದ ಲಾಟನ್ನರ ಪುತ್ರರಾದ ಎಲ್. ಜಿ. ಕಾರ್ ಲಾಟನ್. ತಂದೆಯು ದಾಖಲೆಗಳ ಪ್ರಕಟನೆಗೆ ಅಸ್ತಿವಾರ ಹಾಕಿದರೆ, ಮಗನು ದಾಖಲೆಯಿಲ್ಲದ ಸಂಗತಿಗಳ ವಿಚಾರಣೆಗೆ ದಾರಿ ತೆರೆದನೆಂದು ಹೇಳಬಹುದು. ಪತ್ರಿಕೆಯ ಹೆಸರು ಹೊಸದಲ್ಲ. ಡಚ್ ನಾವಿಕನಾದ ವಾಗೆನಾರನು ೧೫೮೪ರಲ್ಲಿ ಪ್ರಕಟಿಸತೊಡಗಿದ ಸಮುದ್ರಪಟಗಳ ಗ್ರಂಥವು ೧೫೮೮ರಲ್ಲಿ ಇದೇ ಹೆಸರಿನಿಂದ ಇಂಗ್ಲಿಷಿಗೆ ಬಂದಿತ್ತು.

ಪತ್ರಿಕೆಯಲ್ಲಿ ದೀರ್ಘ ಪ್ರಬಂಧಗಳಿದ್ದರೂ ಅದರ ಜೀವವಿದ್ದುದು ಪ್ರಶ್ನೆ, ಉತ್ತರ, ಟಿಪ್ಪಣಿ ಎಂಬ ಸಣ್ಣ ಸಣ್ಣ ಭಾಗಗಳಲ್ಲಿ ಎಂಬುದು ನಮ್ಮ ಅಭಿಪ್ರಾಯ. ಈ ಕ್ರಮಕ್ಕೆ ಮೇಲ್ಪಂಕ್ತಿ ‘ನೋಟ್ಸ್ ಅಂಡ್ ಕ್ವೆರೀಸ್’ ಎಂಬ ಪತ್ರಿಕೆ. ಇಂಗ್ಲಿಷಿನಲ್ಲಿ ಜಾನಪದಕ್ಕೆ ‘ಫೋಕ್‌ಲೋರ್’ ಎಂಬ ಹೆಸರನ್ನು ೧೮೪೬ರಲ್ಲಿ ಸೂಚಿಸಿದ ವಿಲಿಯಂ ಥಾಮ್ಸ್ ಎಂಬವರೇ ಅದನ್ನು ೧೮೪೯ರಲ್ಲಿ ಆರಂಭಿಸಿದವರು. ಒಬ್ಬ ಸದಸ್ಯನು ತನಗೆ ತಿಳಿಯದ ಪದವನ್ನೋ ಚಿತ್ರದಲ್ಲಿ ಕಂಡ ಅರ್ಥವಾಗದ ಹಗ್ಗವನ್ನೋ ಕುರಿತು ಕೆಲವೇ ಪಂಕ್ತಿಗಳಲ್ಲಿ ಕೇಳುವನು. ಮುಂದಿನ ಸಂಚಿಕೆಯಲ್ಲಿ ಮತ್ತೊಬ್ಬನು ಉತ್ತರ ಹೇಳುವನು. ಅದರ ಮುಂದಿನದರಲ್ಲಿ ಮೂರನೆಯವನು ಆ ಉತ್ತರವನ್ನು ತಿದ್ದುವನು. ಅನೇಕ ಉತ್ತರಗಳ ಕೆಳಗೆ ಹೆಸರಿನ ಮೊದಲಕ್ಷರಗಳು ಮಾತ್ರ ಇರುತ್ತಿದ್ದವು; ಮೊದಲಕ್ಷರಗಳಿಂದಲೇ ಒಬ್ಬರನ್ನೊಬ್ಬರು ಗುರುತಿಸುವಷ್ಟು ಬಳಕೆ ಅವರಲ್ಲಿ ಬೆಳೆದಿತ್ತು.

ಸಲಿಗೆಯ ಮಾತು ಇಲ್ಲಿ ಮೂರು ಕಟ್ಟುಗಳಿಗೆ ಒಳಗಾಯಿತು. ಕೇಳಿದ್ದೂ ಹೇಳಿದ್ದೂ ಬರಹಕ್ಕೆ ಇಳಿಯಬೇಕು. ಹೇಳಿದವನು ತನಗೆ ಅದು ಎಲ್ಲಿಂದ ತಿಳಿಯಿತೆಂಬುದನ್ನು ಹೇಳಬೇಕು. ತಪ್ಪೆಂದು ತೋರಿದಾಗ ತಿದ್ದುಪಡಿಯನ್ನು ಒಪ್ಪಬೇಕು. ಹರಟೆಗೂ ಶೋಧನೆಗೂ ಇರುವ ಅಂತರ ಈ ಮೂರೇ. ನೌಕಾಧಿಪತಿಯಾಗಿದ್ದವನ ಊಹೆಯನ್ನು ಮಾದರಿ ಮಾಡುವ ಹವ್ಯಾಸಿಯೊಬ್ಬನು ಪ್ರಶ್ನಿಸಬಹುದಾಗಿದ್ದುದು ಈ ಕಟ್ಟಿನಿಂದಲೇ.

೨

ಈ ಬಳಗದಲ್ಲಿ ವಿಶೇಷವಾಗಿ ಸ್ಮರಣೀಯರು ರಾಬರ್ಟ್ ಮಾರ್ಟನ್ ನಾನ್ಸ್ (೧೮೭೩–೧೯೫೯). ಅವರು ಚಿತ್ರಕಾರರು, ಹಡಗಿನ ಮಾದರಿಗಳನ್ನು ರಚಿಸಬಲ್ಲವರು. ಸಂಘದ ಆರಂಭಕಾಲದಿಂದಲೂ ಅದರ ಪತ್ರಿಕೆಗೆ ಬರೆದವರು. ಅವರ ಪೂರ್ವಿಕರ ನಾಡಾದ ಕಾರ್ನ್‌ವಾಲಿನ ಕಾರ್ನಿಷ್ ಭಾಷೆಯು ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಮನೆಮಾತಾಗಿ ಉಳಿದಿರಲಿಲ್ಲ. ಆದರೆ ದೋಣಿಯ ಭಾಗಗಳು, ಬಲೆ, ಮೀನು, ಗಾಳಿ, ಅಲೆ ಇವುಗಳ ಹೆಸರುಗಳಲ್ಲಿ ಆ ಭಾಷೆಯ ಚೂರುಗಳು ಬೆಸ್ತರ ಬಾಯಲ್ಲಿ ಉಳಿದಿದ್ದವು. ನಾನ್ಸರು ಬೆಸ್ತರೊಡನೆ ಮಾತನಾಡುತ್ತ ಈ ಪದಗಳನ್ನು ಬರೆದುಕೊಂಡರು. ಅವರ ಸಮುದ್ರಪದಗಳ ಕೋಶವು ಅವರು ತೀರಿಕೊಂಡ ಮೇಲೆ, ೧೯೬೩ರಲ್ಲಿ, ಪ್ರಕಟವಾಯಿತು. ಕಾರ್ನಿಷ್ ಭಾಷೆಯನ್ನು ಮತ್ತೆ ಬಳಕೆಗೆ ತರುವ ಪ್ರಯತ್ನದಲ್ಲಿ ಅವರು ಅಗ್ರಗಣ್ಯರಾಗಿದ್ದರೆಂಬುದನ್ನೂ ಇಲ್ಲಿ ನೆನೆಯಬೇಕು. ದೋಣಿಯ ಪಕ್ಕದಲ್ಲಿ ಕುಳಿತು ಆಡಿದ ಮಾತು ಒಂದು ಭಾಷೆಯ ಚರಿತ್ರೆಗೇ ಆಧಾರವಾದ ಉದಾಹರಣೆ ಇದು. ಬೆಸ್ತನು ಇಲ್ಲಿ ಕೇವಲ ಮಾಹಿತಿ ಕೊಡುವವನಲ್ಲ, ಸಂಭಾಷಣೆಯಲ್ಲಿ ಸಮಭಾಗಿ. ಹೆಸರು ಅವನದು, ಬರಹ ಮಾತ್ರ ವಿದ್ವಾಂಸನದು.

೩

ಸಂಘದ ಶಕ್ತಿಪರೀಕ್ಷೆಯಾದುದು ‘ವಿಕ್ಟರಿ’ ಎಂಬ ಹಡಗಿನ ವಿಷಯದಲ್ಲಿ. ೧೭೬೫ರಲ್ಲಿ ನೀರಿಗಿಳಿದ ಈ ಯುದ್ಧನೌಕೆಯ ಮೇಲೆಯೇ ೧೮೦೫ರ ಅಕ್ಟೋಬರ್ ೨೧ರಂದು, ಟ್ರಫಾಲ್ಗರ್ ಯುದ್ಧದಲ್ಲಿ, ನೆಲ್ಸನ್ನನು ಮಡಿದನು. ಮುಂದೆ ಪೋರ್ಟ್ಸ್‌ಮತ್ ಬಂದರಿನಲ್ಲಿ ನೂರು ವರ್ಷಗಳ ಮೇಲ್ಪಟ್ಟು ತೇಲುತ್ತ ನಿಂತ ಅದರ ಮರ ಕೊಳೆಯುತ್ತ ಬಂತು. ೧೯೨೨ರ ಜನವರಿಯಲ್ಲಿ ಅದನ್ನು ಡ್ರೈ ಡಾಕ್ ಎನಿಸುವ ಒಣಕಟ್ಟೆಗೆ ತಂದಿರಿಸಿದರು. ಅದೇ ವರ್ಷ ಸಂಘವು ಹಡಗಿನ ರಕ್ಷಣೆಗಾಗಿ ನಿಧಿಯೊಂದನ್ನು ತೆರೆಯಿತು. ನೌಕಾಧಿಪತಿ ಸರ್ ಡವ್ಟನ್ ಸ್ಟರ್ಡಿ ಈ ಕಾರ್ಯದ ಮುಂದಾಳಾಗಿದ್ದರು. ಹಡಗುಗಳ ಒಡೆಯರಾದ ಸರ್ ಜೇಮ್ಸ್ ಕೇರ್ಡ್ ಮಹಾದಾನಿಗಳಾದರು.

ಹಣ ಕೂಡಿದ ಮೇಲೆ ಅದಕ್ಕಿಂತಲೂ ಕಠಿನವಾದ ಪ್ರಶ್ನೆ ಎದುರಾಯಿತು. ಯಾವ ‘ವಿಕ್ಟರಿ’ಯನ್ನು ಉಳಿಸುವುದು? ೧೮೧೪ರಿಂದ ೧೮೧೬ರವರೆಗೆ ನಡೆದ ದುರಸ್ತಿಯಲ್ಲಿ ಅದರ ಮೂತಿಯ ಭಾಗವನ್ನು ಬಿಚ್ಚಿ ಹೊಸ ಪದ್ಧತಿಯ ದುಂಡನೆಯ ಮೂತಿಯನ್ನು ಕಟ್ಟಿದ್ದರು, ಬಣ್ಣವನ್ನೂ ಬದಲಿಸಿದ್ದರು. ಜನರು ಕಣ್ಣಾರೆ ಕಾಣುತ್ತಿದ್ದ ಹಡಗು ನೆಲ್ಸನ್ನನ ಕಾಲದ ರೂಪದ್ದಲ್ಲ. ಟ್ರಫಾಲ್ಗರಿನ ದಿನದ ರೂಪಕ್ಕೆ ಅದನ್ನು ತರಬೇಕೆಂದು ನಿರ್ಣಯವಾದುದರಿಂದ, ಹನ್ನೆರಡು ವರ್ಷ ಪತ್ರಿಕೆಯಲ್ಲಿ ಹಗ್ಗ ಹಲಗೆಗಳನ್ನು ಕುರಿತು ವಾದಿಸಿದವರ ಬಳಗದ ಜ್ಞಾನವು ಒಮ್ಮೆಲೇ ಪ್ರಯೋಜನಕ್ಕೆ ಬಂತು. ಹಳೆಯ ನಕ್ಷೆಗಳು, ಚಿತ್ರಗಳು, ಮಾದರಿಗಳು ಒಂದರೊಡನೊಂದು ಹೋಲಿಸಲ್ಪಟ್ಟವು. ದುಂಡುಮೂತಿಯನ್ನು ತೆಗೆದು ಹಿಂದಿನ ಕ್ರಮದ ಮೂತಿಯನ್ನು ಮತ್ತೆ ಕಟ್ಟಿದರು. ೧೯೨೮ರ ಜುಲೈ ೧೭ರಂದು ಐದನೆಯ ಜಾರ್ಜ್ ದೊರೆಯು ಈ ಕಾರ್ಯದ ನೆನಪಿನ ಫಲಕವನ್ನು ಅನಾವರಣ ಮಾಡಿದನು.

ಹಾಗೆಂದು ಅಂದಿನ ತೀರ್ಮಾನಗಳೆಲ್ಲ ಕೊನೆಯ ಮಾತಾಗಲಿಲ್ಲ. ಹಡಗಿನ ಪಕ್ಕಗಳಿಗೆ ಬಹುಕಾಲ ಬಳಿಯುತ್ತಿದ್ದ ಗಾಢವಾದ ಹಳದಿಯು ೧೮೦೫ರ ಬಣ್ಣವಲ್ಲವೆಂದು, ಮರದ ಮೇಲೆ ಪದರ ಪದರವಾಗಿ ಉಳಿದಿದ್ದ ಬಣ್ಣವನ್ನು ಪರೀಕ್ಷಿಸಿದಾಗ ತಿಳಿದುಬಂತು. ೨೦೧೫ರಲ್ಲಿ ಹಡಗಿಗೆ ಹಿಂದಿಗಿಂತ ತಿಳಿಯಾದ ಬಣ್ಣವನ್ನು ಬಳಿದರು. ಇದನ್ನು ೧೯೨೮ರವರ ಸೋಲೆಂದು ನಾವು ಎಣಿಸುವುದಿಲ್ಲ. ಉತ್ತರವನ್ನು ತಿದ್ದುವ ಹಕ್ಕು ಮುಂದಿನವರಿಗೆ ಇದೆಯೆಂಬುದು ಆ ಪತ್ರಿಕೆಯ ಮೊದಲ ಸಂಚಿಕೆಗಳಲ್ಲಿಯೇ ಒಪ್ಪಿಕೊಂಡ ಕಟ್ಟಲೆ. ತಿದ್ದುಪಡಿ ಎಂಬತ್ತೇಳು ವರ್ಷಗಳ ಅನಂತರ ಬಂದರೂ ಅದು ಅದೇ ಸಂಭಾಷಣೆಯ ಮುಂದಿನ ಮಾತು.

೪

ಎರಡನೆಯ ಹಡಗಿನ ಕಥೆ ಇದಕ್ಕೆ ವಿರುದ್ಧವಾದುದು. ೧೮೦೦ರಲ್ಲಿ ಫ್ರಾನ್ಸಿನ ರೋಷ್‌ಫೋರಿನಲ್ಲಿ ನೀರಿಗಿಳಿದ ‘ದ್ಯುಗೇ ತ್ರೂಯೆಂ’ ಎಂಬ ನೌಕೆಯು ಟ್ರಫಾಲ್ಗರಿನಲ್ಲಿ ಫ್ರೆಂಚರ ಪಕ್ಷದಲ್ಲಿ ಹೋರಾಡಿ ತಪ್ಪಿಸಿಕೊಂಡಿತು. ಕೆಲವೇ ದಿನಗಳಲ್ಲಿ, ೧೮೦೫ರ ನವೆಂಬರಿನಲ್ಲಿ, ಬ್ರಿಟಿಷರ ಕೈಗೆ ಸಿಕ್ಕಿ ‘ಇಂಪ್ಲೇಕಬಲ್’ ಎಂಬ ಹೆಸರನ್ನು ಪಡೆಯಿತು. ಟ್ರಫಾಲ್ಗರಿನಲ್ಲಿ ಒಂದನ್ನೊಂದು ಎದುರಿಸಿದ ಎರಡು ಬಣಗಳಿಂದಲೂ ಒಂದೊಂದು ಹಡಗು, ‘ವಿಕ್ಟರಿ’ಯೂ ಇದೂ, ಕೊನೆಗೆ ಒಂದೇ ಬಂದರಿನಲ್ಲಿ ನಿಂತದ್ದು ಚರಿತ್ರೆಯಲ್ಲಿ ಅಪೂರ್ವವಾದ ಸಂಗತಿ. ಹಳೆಯ ಹಡಗುಗಳನ್ನು ಕಾಪಾಡಿ ಅವುಗಳಲ್ಲಿ ಬಾಲಕರಿಗೆ ನಾವಿಕವಿದ್ಯೆಯನ್ನು ಕಲಿಸಬೇಕೆಂಬ ಹಂಬಲವುಳ್ಳ ಜೆಫ್ರಿ ವೀಟ್ಲಿ ಕಾಬ್ ಎಂಬವರು ೧೯೧೨ರಲ್ಲಿ ಇದನ್ನು ವಹಿಸಿಕೊಂಡರು. ಅವರ ನಿಧನಾನಂತರ, ೧೯೩೨ರಲ್ಲಿ, ಹಡಗು ಪೋರ್ಟ್ಸ್‌ಮತ್ತಿಗೆ ಬಂತು.

ಎರಡನೆಯ ಮಹಾಯುದ್ಧ ಮುಗಿದಾಗ ಹಡಗು ಜೀರ್ಣವಾಗಿತ್ತು, ದೇಶವೂ ಬಡವಾಗಿತ್ತು. ಪ್ರೀತಿಯುಳ್ಳವರು ಇದ್ದರು, ತಿಳಿದವರು ಇದ್ದರು. ದುರಸ್ತಿಗೆ ಬೇಕಾದ ಹಣವನ್ನು ಕೊಡುವವರು ಇರಲಿಲ್ಲ. ೧೯೪೯ರ ಡಿಸೆಂಬರ್ ೨ರಂದು ಅದನ್ನು ಸಮುದ್ರಕ್ಕೆ ಎಳೆದೊಯ್ದು, ಬ್ರಿಟನ್ ಮತ್ತು ಫ್ರಾನ್ಸ್ ಎರಡರ ಧ್ವಜಗಳನ್ನೂ ಏರಿಸಿ, ಸಿಡಿಮದ್ದಿನಿಂದ ಮುಳುಗಿಸಿದರು. ಸ್ಫೋಟದ ಅನಂತರವೂ ಅದು ಕೂಡಲೇ ಮುಳುಗಲಿಲ್ಲ. ಹಿಂಭಾಗದ ಅಲಂಕಾರದ ಮರಗಳನ್ನು ಮಾತ್ರ ಮೊದಲೇ ಬಿಚ್ಚಿ ಗ್ರೀನಿಚ್ಚಿನ ನೌಕಾವಸ್ತುಸಂಗ್ರಹಾಲಯಕ್ಕೆ ಸಾಗಿಸಿದ್ದರು.

ಈ ಸೋಲಿನ ನೆನಪು ವ್ಯರ್ಥವಾಗಲಿಲ್ಲ. ಆ ಸಂಗ್ರಹಾಲಯದ ನಿರ್ದೇಶಕರಾಗಿದ್ದ ಫ್ರಾಂಕ್ ಕಾರ್ ಅವರು ೧೮೬೯ರ ‘ಕಟಿ ಸಾರ್ಕ್’ ಎಂಬ ಚಹದ ಹಡಗನ್ನು ಉಳಿಸುವ ಯತ್ನದಲ್ಲಿ ಮುಂದೆ ನಿಂತರು. ಅದು ೧೯೫೪ರಲ್ಲಿ ಗ್ರೀನಿಚ್ಚಿನ ಒಣಕಟ್ಟೆಯನ್ನು ಸೇರಿ ೧೯೫೭ರಲ್ಲಿ ಜನರ ದರ್ಶನಕ್ಕೆ ತೆರೆಯಿತು. ಲೋಕದ ಐತಿಹಾಸಿಕ ಹಡಗುಗಳ ರಕ್ಷಣೆಗಾಗಿ ೧೯೭೯ರಲ್ಲಿ ವರ್ಲ್ಡ್ ಶಿಪ್ ಟ್ರಸ್ಟ್ ಎಂಬ ಸಂಸ್ಥೆ ಏರ್ಪಟ್ಟಾಗಲೂ ಅವರೇ ಅದಕ್ಕೆ ಕಾರಣಕರ್ತರು. ಸಂಭಾಷಣೆಯು ಜ್ಞಾನವನ್ನು ಉಳಿಸಬಲ್ಲುದು. ವಸ್ತುವನ್ನು ಉಳಿಸಲು ಅದು ಸಾಲದು ಎಂಬ ಪಾಠವನ್ನು ಹವ್ಯಾಸಿಗಳು ‘ಇಂಪ್ಲೇಕಬಲ್’ನಿಂದ ಕಲಿತರು.

ಮೂರನೆಯ ಹಡಗು ನಮ್ಮ ದೇಶದ್ದು. ‘ಟ್ರಿಂಕೋಮಲಿ’ ಎಂಬ ಈ ಯುದ್ಧನೌಕೆಯನ್ನು ಮುಂಬಯಿಯ ಹಡಗುಕಟ್ಟೆಯಲ್ಲಿ ಜಮಶೇಟಜಿ ಬಮನಜಿ ವಾಡಿಯಾ ಅವರ ಮೇಲ್ವಿಚಾರಣೆಯಲ್ಲಿ ಮಲಬಾರದ ತೇಗದಿಂದ ಕಟ್ಟಿದರು. ಅದರ ನಕ್ಷೆಗಳನ್ನು ಹೊತ್ತು ಬರುತ್ತಿದ್ದ ‘ಜಾವಾ’ ಎಂಬ ನೌಕೆ ೧೮೧೨ರ ಡಿಸೆಂಬರಿನಲ್ಲಿ ಅಮೆರಿಕದವರ ‘ಕಾನ್‌ಸ್ಟಿಟ್ಯೂಷನ್’ಗೆ ಸೋತುದರಿಂದ ನಕ್ಷೆಗಳನ್ನು ಮತ್ತೆ ಕಳುಹಿಸಬೇಕಾಯಿತು. ಹೀಗೆ ತಡವಾಗಿ, ೧೮೧೭ರ ಅಕ್ಟೋಬರ್ ೧೨ರಂದು, ಹಡಗು ನೀರಿಗಿಳಿಯಿತು. ೧೮೯೭ರಲ್ಲಿ ಇದನ್ನು ಕೊಂಡವರೂ ಮೇಲೆ ಹೇಳಿದ ಕಾಬ್ ಅವರೇ. ಬಾಲಕರ ಶಿಕ್ಷಣಕ್ಕಾಗಿ ಅವರು ಇಟ್ಟುಕೊಂಡಿದ್ದ ‘ಫುದ್ರೊಯಾಂ’ ಎಂಬ ನೆಲ್ಸನ್ನನ ಹಳೆಯ ಹಡಗು ಅದೇ ವರ್ಷ ಬ್ಲಾಕ್‌ಪೂಲಿನ ತೀರದಲ್ಲಿ ಒಡೆದುಹೋದಾಗ, ಅದರ ಹೆಸರನ್ನೇ ಇದಕ್ಕೆ ಇಟ್ಟರು. ಇದೂ ‘ಇಂಪ್ಲೇಕಬಲ್’ನಂತೆಯೇ ಪೋರ್ಟ್ಸ್‌ಮತ್ತಿಗೆ ಬಂದು ಬಹುಕಾಲ ಅಲ್ಲಿ ತಂಗಿತು. ೧೯೮೭ರಲ್ಲಿ ಹಾರ್ಟ್ಲ್‌ಪೂಲಿಗೆ ಸಾಗಿ, ತನ್ನ ಮೊದಲ ಹೆಸರನ್ನು ಮರಳಿ ಪಡೆದು, ೨೦೦೧ರಲ್ಲಿ ಪೂರ್ಣವಾಗಿ ಜೀರ್ಣೋದ್ಧಾರಗೊಂಡಿತು. ಬ್ರಿಟನ್ನಿನಲ್ಲಿ ಇಂದಿಗೂ ನೀರಿನ ಮೇಲೆ ತೇಲುತ್ತಿರುವ ಯುದ್ಧನೌಕೆಗಳಲ್ಲಿ ಅತ್ಯಂತ ಹಳೆಯದು ಇದೇ. ಇದರ ಉಳಿವಿಗೆ ಕಾಬ್ ಅವರ ಹಠವೂ ಅನಂತರದವರ ಶ್ರಮವೂ ಎಷ್ಟು ಕಾರಣವೋ, ತೇಗದ ಬಾಳಿಕೆಯೂ ಅದನ್ನು ಜೋಡಿಸಿದ ಮುಂಬಯಿಯ ಬಡಗಿಗಳ ಕೈಗೆಲಸವೂ ಅಷ್ಟೇ ಕಾರಣ.

೫

ನಾಲ್ಕನೆಯದು ಎಂಟನೆಯ ಹೆನ್ರಿಯ ‘ಮೇರಿ ರೋಸ್’. ಇದು ೧೫೪೫ರ ಜುಲೈ ೧೯ರಂದು ಪೋರ್ಟ್ಸ್‌ಮತ್ತಿನ ಎದುರಿನ ಸೊಲೆಂಟ್ ಜಲಸಂಧಿಯಲ್ಲಿ ಮುಳುಗಿತು. ೧೮೩೬ರಲ್ಲಿ ಬೆಸ್ತರ ಬಲೆಗಳು ತಳದಲ್ಲಿ ಏನಕ್ಕೋ ತೊಡಕಿಕೊಳ್ಳುತ್ತಿದ್ದುದನ್ನು ಅನುಸರಿಸಿ ಡೀನ್ ಸೋದರರು ಮುಳುಗಿ ನೋಡಿ, ಕೆಲವು ಫಿರಂಗಿಗಳನ್ನು ಮೇಲೆ ತಂದರು. ಅನಂತರ ಸ್ಥಳವೇ ಮರೆತುಹೋಯಿತು. ೧೯೬೫ರಲ್ಲಿ ಅಲೆಕ್ಸಾಂಡರ್ ಮೆಕೀ ಎಂಬ ಲೇಖಕರು ಮುಳುಗುವ ಹವ್ಯಾಸವುಳ್ಳ ಸ್ಥಳೀಯ ಗೆಳೆಯರನ್ನು ಕೂಡಿಸಿಕೊಂಡು ಹುಡುಕಾಟವನ್ನು ಆರಂಭಿಸಿದರು. ವಾರದ ಕೊನೆಯ ರಜೆಯೇ ಇವರ ಕೆಲಸದ ಕಾಲ. ೧೮೪೧ರ ಒಂದು ಸಮುದ್ರಪಟದಲ್ಲಿ ಹಡಗು ಮುಳುಗಿದ ಸ್ಥಳದ ಗುರುತು ದೊರೆತುದು ಅವರಿಗೆ ದೊಡ್ಡ ನೆರವಾಯಿತು. ೧೯೭೧ರಲ್ಲಿ ಹಡಗಿನ ಪಕ್ಕೆಮರಗಳು ಕಂಡವು.

ಈ ಗುಂಪಿಗೆ ಬಂದು ಸೇರಿದ ಮಾರ್ಗರೆಟ್ ರೂಲ್ ಅವರು ಪ್ರಾಕ್ತನಶಾಸ್ತ್ರವನ್ನು ಬಲ್ಲವರಾಗಿದ್ದರು, ಮುಳುಗಲು ಬಲ್ಲವರಾಗಿರಲಿಲ್ಲ. ಮುಳುಗುಗಾರರು ತಂದ ಸುದ್ದಿಯನ್ನು ಮೇಲೆ ಕುಳಿತು ಕೇಳುವುದು ಸಾಲದೆಂದು ಅವರು ಆ ವಿದ್ಯೆಯನ್ನೂ ಕಲಿತು, ಮುಂದೆ ಉತ್ಖನನದ ಮುಖ್ಯಸ್ಥರಾದರು. ಹವ್ಯಾಸಿಗೂ ವಿದ್ವಾಂಸನಿಗೂ ನಡುವೆ ಇರುವ ಅಂತರವನ್ನು ಎರಡು ಕಡೆಯಿಂದಲೂ ದಾಟಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ತೋರದು. ಐನೂರಕ್ಕೂ ಹೆಚ್ಚು ಮಂದಿ ಸ್ವಯಂಸೇವಕರು ಸುಮಾರು ೨೮,೦೦೦ ಬಾರಿ ನೀರಿಗಿಳಿದ ಮೇಲೆ, ೧೯೮೨ರ ಅಕ್ಟೋಬರ್ ೧೧ರಂದು ಹಡಗಿನ ಉಳಿದ ಭಾಗವು ಮೇಲಕ್ಕೆ ಬಂತು. ಅದರೊಡನೆ ದೊರೆತ ೧೯,೦೦೦ಕ್ಕೂ ಹೆಚ್ಚಿನ ವಸ್ತುಗಳಲ್ಲಿ ಬಾಚಣಿಗೆ, ಬಡಗಿಯ ಹತ್ಯಾರು, ವೈದ್ಯನ ಪೆಟ್ಟಿಗೆ ಮೊದಲಾದವು ಇವೆ. ಕಡತದಲ್ಲಿ ಹೆಸರಿಲ್ಲದ ಸಾಮಾನ್ಯ ನಾವಿಕನ ದಿನಚರಿಯು ಅಂತು ಚರಿತ್ರೆಗೆ ದೊರಕಿತು.

೬

ಈ ವೃತ್ತಾಂತದಿಂದ ಕರ್ಣಾಟಕದ ಚರಿತ್ರೆಯ ವಿದ್ಯಾರ್ಥಿಗೆ ಏನು ಪ್ರಯೋಜನವೆಂದು ಕೇಳಬಹುದು. ೬೩೪ರ ಐಹೊಳೆ ಶಾಸನದಲ್ಲಿ ರವಿಕೀರ್ತಿಯು ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯನ್ನು ಇಮ್ಮಡಿ ಪುಲಕೇಶಿಯು ನೂರಾರು ನಾವೆಗಳಿಂದ ಮುತ್ತಿದನೆಂದು ಹೇಳುತ್ತಾನೆ. ಆ ನಾವೆಗಳನ್ನು ಕಟ್ಟಿದುದು ಹೇಗೆ, ನಡೆಸಿದವರಾರು ಎಂಬುದನ್ನು ಪ್ರಶಸ್ತಿಯ ಕವಿ ಹೇಳಬೇಕಾದ ಕಾರಣವಿಲ್ಲ. ನಮ್ಮಲ್ಲಿಯೂ ಅರಸನ ಕಡೆಯ ಆಧಾರ ಇರುವುದು, ಅಂಬಿಗನ ಕಡೆಯದು ಇಲ್ಲದಿರುವುದು.

ಸಮೀಪದ ಕಾಲಕ್ಕೆ ಬಂದರೂ ಸ್ಥಿತಿ ಬಹಳ ಬೇರೆಯಲ್ಲ. ೧೮೬೫ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ, ಮಂಗಳೂರು ಹಂಚನ್ನು ಕರಾವಳಿಯುದ್ದಕ್ಕೂ ಸಾಗಿಸಿದುದು ಮಂಜಿ, ಮಚ್ಚೆ, ಪತ್ತೆಮಾರಿ ಎಂಬ ಹಾಯಿಹಡಗುಗಳು. ಕಾರ್ಖಾನೆಯ ಚರಿತ್ರೆಯನ್ನು ನಾವು ಬಲ್ಲೆವು. ಮಂಜಿಯ ಚರಿತ್ರೆಯನ್ನು ಬಲ್ಲವನು ತಂಡೇಲನು. ಎಪ್ಪತ್ತರ ದಶಕದ ಉತ್ತರಾರ್ಧದಲ್ಲಿ ಯಂತ್ರದ ದೋಣಿಗಳ ಪರ್ಸೀನ್ ಬಲೆಗಳು ಬಂದು ರಂಪಣಿಯು ಹಿಂದೆ ಸರಿಯಿತು. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ಆ ಬಲೆಯ ಭಾಗಗಳಿಗೂ ಪಾಲುಗಳಿಗೂ ಇದ್ದ ಹೆಸರುಗಳನ್ನು ಅಂದು ಯುವಕರಾಗಿದ್ದವರೇ ಹೇಳಬೇಕು; ಅವರು ಈಗ ಎಪ್ಪತ್ತು ದಾಟಿದ್ದಾರೆ.

ಇಂಥ ಕಾರ್ಯಕ್ಕೆ ನಮ್ಮಲ್ಲಿ ಮೇಲ್ಪಂಕ್ತಿ ಇಲ್ಲದೆ ಇಲ್ಲ. ಉಡುಪಿಯಲ್ಲಿ ಆರು ಸಂಪುಟಗಳಾಗಿ ಸಿದ್ಧವಾದ ತುಳು ನಿಘಂಟು ಜನರ ಬಾಯಿಂದ ಕೇಳಿ ಬರೆದುಕೊಂಡ ಪದಗಳ ಮೇಲೆ ನಿಂತುದು. ಕರಾವಳಿಯ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ವಾರ್ಷಿಕ ಸಂಚಿಕೆಗಳಲ್ಲಿ ಪ್ರಶ್ನೆ ಮತ್ತು ಉತ್ತರಗಳಿಗಾಗಿ ಎರಡು ಪುಟಗಳನ್ನು ಮೀಸಲಿಟ್ಟರೆ ಅದು ಸಣ್ಣ ಕೆಲಸವೆನಿಸದು. ದೋಣಿಯ ಹಲಗೆಗಳನ್ನು ತೆಂಗಿನ ನಾರಿನಿಂದ ಹೊಲಿಯುತ್ತಿದ್ದ ಕ್ರಮ ಯಾವುದು? ಹಾಯಿಯ ಬಟ್ಟೆ ಎಲ್ಲಿಂದ ಬರುತ್ತಿತ್ತು? ಮುಂಬಯಿಗೆ ಹೋದ ತೇಗವನ್ನು ಯಾವ ಯಾವ ಹೊಳೆಗಳಲ್ಲಿ ತೇಲಿಸಿ ಬಂದರಿಗೆ ತರುತ್ತಿದ್ದರು? ಉತ್ತರಿಸಿದವರ ಹೆಸರು, ಊರು, ಕೇಳಿದ ದಿನ ಇವು ಬರಹದಲ್ಲಿ ಇರಬೇಕು. ಬಲ್ಲೆನೆಂಬವನಿಗೆ ಹೇಗೆ ಬಲ್ಲೆಯೆಂದು ವಿನಯದಿಂದ ಕೇಳಬೇಕು. ಮುಂದಿನ ವರ್ಷದ ತಿದ್ದುಪಡಿಗೆ ಎಡೆಯಿರಬೇಕು.

ಹವ್ಯಾಸಿಗಳ ಮಾತಿಗೆ ಅದರದೇ ದೋಷಗಳೂ ಉಂಟು. ಹೆಸರುವಾಸಿಯಾದ ಹಡಗಿನ ಸುತ್ತ ನೂರು ಜನ ಸೇರುತ್ತಾರೆ, ಹೆಸರಿಲ್ಲದ ಪಾತಿಯ ಬಳಿಗೆ ಒಬ್ಬನೂ ಬರುವುದಿಲ್ಲ. ನೆಲ್ಸನ್ನನ ಹಡಗಿನ ಬಣ್ಣಕ್ಕೆ ದೊರೆತ ಗಮನವು ಅದೇ ಕಾಲದಲ್ಲಿ ಮುಂಬಯಿಯಲ್ಲಿ ತೇಗವನ್ನು ಕೊಯ್ದವರ ಕೂಲಿಗೆ ದೊರೆಯಲಿಲ್ಲ. ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯು ಈ ಸಂಭಾಷಣೆಗೆ ಸೇರಬೇಕಾದುದು ಈ ಕೊರತೆಯನ್ನು ತುಂಬುವುದಕ್ಕಾಗಿ. ಕಡತವನ್ನು ಓದಬಲ್ಲವನೂ ದೋಣಿಯನ್ನು ಬಲ್ಲವನೂ ಒಂದೆಡೆ ಕುಳಿತು ಮಾತನಾಡುವ ದಿನಗಳು ನಮ್ಮ ಕರಾವಳಿಯಲ್ಲಿ ಇನ್ನೂ ಮುಗಿದಿಲ್ಲ. ಈ ಸಂಚಿಕೆಯ ಓದುಗರಲ್ಲಿ ಯಾರಾದರೂ ಒಬ್ಬರು ಮುಂದಿನ ರಜೆಯಲ್ಲಿ ಒಬ್ಬ ಹಿರಿಯ ತಂಡೇಲರ ಬಳಿ ಹೋಗಿ ಮೊದಲ ಪ್ರಶ್ನೆಯನ್ನು ಕೇಳಿ ಬರೆದುಕೊಂಡರೆ ಈ ಲೇಖನದ ಶ್ರಮ ಸಾರ್ಥಕವೆಂದು ಭಾವಿಸುತ್ತೇವೆ.